ಎಡಕ್ಕೆ ಮುಚ್ಚುವ ವಾಲ್ವು

ಸೋಮವಾರ ಬೆಳಗ್ಗೆ ತಿಂಡಿಗೆ ಅವರೆಕಾಳಿನ ಉಪ್ಪಿಟ್ಟು ಮಾಡಿದ್ದೆ. ಮೊಮ್ಮಗಳು ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟಳು. ಅವರೆಕಾಳು ಅಂದರೆ ಪಾತ್ರೆ ಕೆರೆದು ತಿನ್ನುವ ಹುಡುಗಿ ಅದು.

"ಏನೇ, ಉಪ್ಪು ಜಾಸ್ತಿ ಆಯ್ತಾ?" ಅಂದೆ.

"ಉಪ್ಪಿಟ್ಟು ಚೆನ್ನಾಗಿದೆ ಅಜ್ಜಿ. ನನ್ನ ಗುಂಡಿ ತುಂಬಾ ನೀರು. ನಿನ್ನೆ ಇಡೀ ದಿನ ಪಂಪು ಹಾಕಿ ಎತ್ತಿಸಿದೆ. ಈಗ ಫೋನ್ ಮಾಡಿದ್ರೆ ಮತ್ತೆ ಸೊಂಟದ ತನಕ ತುಂಬ್ಕೊಂಡಿದೆಯಂತೆ."

ಗುಂಡಿ ಅಂದರೆ ಲಿಫ್ಟಿನ ಗುಂಡಿ. ನಮ್ಮ ಮೈಸೂರು ರೈಲ್ವೆ ಸ್ಟೇಷನ್ನಿನ ಹಳೇ ಪ್ಲಾಟ್‌ಫಾರ್ಮಿನಲ್ಲಿ, ಚಾಮರಾಜಪುರದ ಕಡೆಯ ತುದಿಗೆ, ಮೆಟ್ಟಿಲು ಹತ್ತಲಾರದವರಿಗೆ ಅಂತ ಒಂದು ಲಿಫ್ಟು ಹಾಕುತ್ತಿದ್ದಾರೆ. ಅದರ ತಳಪಾಯ ನೋಡಿಕೊಳ್ಳುವ ಇಂಜಿನಿಯರು ನನ್ನ ಮೊಮ್ಮಗಳು. ಪರೀಕ್ಷೆ ಬರೆದು, ಪಾಸಾಗಿ, ಎಲ್ಲೆಲ್ಲೋ ಟ್ರೇನಿಂಗ್ ಮುಗಿಸಿ, ಕೊನೆಗೆ ಇಲ್ಲಿಗೇ ಬಂದಳು. ಅವಳ ಕೈಗೇ ಅಂತ ಒಪ್ಪಿಸಿದ ಮೊದಲ ಕೆಲಸ ಈ ಗುಂಡಿ. ಇದನ್ನು ಬರೆಯುವಾಗ ನನ್ನ ಅಕ್ಷರ ತಾನಾಗಿ ದಪ್ಪ ಆಗುತ್ತೆ, ಏನು ಮಾಡಲಿ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅದೇ ಸ್ಟೇಷನ್ನಿನಲ್ಲಿ ನೀರಿನ ವಾಲ್ವು ತಿರುಗಿಸುವ ಖಲಾಸಿ ಆಗಿದ್ದವಳು. ಯಜಮಾನರು ತೀರಿಕೊಂಡ ಮೇಲೆ ಅವರ ಕೆಲಸ ನನಗೆ ಕೊಟ್ಟರು, ಮಾಡಿದೆ. ನನಗೆ ವಾಲ್ವಮ್ಮ ಅಂತಲೇ ಹೆಸರಾಗಿತ್ತು. ಈಗ ವಿಜಯನಗರದ ನಮ್ಮ ಬೀದಿಯ ಹಾಲಿನ ಬೂತಿನವರಿಂದ ಹಿಡಿದು ಹೂ ಮಾರುವವಳ ತನಕ ಎಲ್ಲರಿಗೂ ನಾನು ಇಂಜಿನಿಯರ ಅಜ್ಜಿ. ಅವರು ಕೇಳದೆ ಇದ್ದರೂ ನಾನೇ ಹೇಳಿರುತ್ತೇನೆ.

ಮೊಮ್ಮಗಳು ವಿಷಯ ಬಿಡಿಸಿ ಹೇಳಿದಳು. ಗುತ್ತಿಗೆಯ ಮೇಸ್ತ್ರಿ ಅದು ನೆಲದ ಒರತೆ ಅನ್ನುತ್ತಾನೆ. ಇವಳು ಒರತೆಯಲ್ಲ, ಯಾವುದೋ ಪೈಪು ಸೋರುತ್ತಿದೆ ಅಂತ ರಿಪೋರ್ಟಿನಲ್ಲಿ ಬರೆದು ಸಹಿ ಹಾಕಿದ್ದಾಳೆ. ನಕ್ಷೆಯಲ್ಲಿರುವ ವಾಲ್ವುಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ನೋಡಿದ್ದಾರೆ, ನೀರು ನಿಂತಿಲ್ಲ. ದೊಡ್ಡ ಟ್ಯಾಂಕನ್ನೇ ಮುಚ್ಚಿಬಿಡೋಣ ಅಂದರೆ ರೈಲುಗಳಿಗೆ ತುಂಬಿಸುವುದಕ್ಕೆ ನೀರಿಲ್ಲ. ಅರ್ಧ ಗಂಟೆ ಮುಚ್ಚಿದ್ದಕ್ಕೆ ನೆನೆದ ಮಣ್ಣಿನಲ್ಲಿ ಏನೂ ಗೊತ್ತಾಗಲಿಲ್ಲ. ಅವಳ ಮೇಲಿನ ದೊಡ್ಡ ಇಂಜಿನಿಯರು ಕೊನೆಗೆ ಹೇಳಿದ್ದು ಇಷ್ಟು: ಗುರುವಾರದೊಳಗೆ ಪೈಪು ತೋರಿಸು. ಇಲ್ಲವಾದರೆ ಒರತೆ ಅಂತ ಬರೆದು ಗುಂಡಿ ಮುಚ್ಚೋಣ, ಲಿಫ್ಟಿಗೆ ಬೇರೆ ಜಾಗ ಹುಡುಕೋಣ. ಬೇರೆ ಜಾಗ ಅಂದರೆ ಮತ್ತೆ ಮೊದಲಿಂದ ನಕ್ಷೆ, ಮೊದಲಿಂದ ಒಪ್ಪಿಗೆ. ಅವಳ ಮೊದಲ ರಿಪೋರ್ಟೇ ಸುಳ್ಳು ಅಂತ ಕಾಗದದಲ್ಲಿ ಉಳಿಯುತ್ತೆ.

"ಆ ತುದೀಲಿ ನಕ್ಷೆ ಪ್ರಕಾರ ಒಂದು ಪೈಪೂ ಇಲ್ಲ ಅಜ್ಜಿ. ನಾನೇ ತಪ್ಪು ತಿಳಿದೆನೇನೋ."

"ಚಾಮರಾಜಪುರದ ಕಡೆ ತುದಿ ಅಂದ್ಯಾ? ಅಲ್ಲಿ ಇಂಜಿನ್‌ಗಳು ನೀರು ಕುಡೀತಿದ್ವು ಕಣೇ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತಟ್ಟೆ ಎಳೆದುಕೊಂಡು ಉಳಿದ ಉಪ್ಪಿಟ್ಟನ್ನು ಬೇಗ ಬೇಗ ತಿಂದಳು. "ಏಳು, ಸೀರೆ ಬದಲಾಯಿಸ್ಕೊ," ಅಂದಳು.

ಸ್ಕೂಟರಿನ ಹಿಂದೆ ಕೂತು ಹೋಗುವಾಗ ದಾರಿಯುದ್ದಕ್ಕೂ ಹೇಳಿದೆ. ಗಾಳಿಗೆ ಅವಳಿಗೆ ಎಷ್ಟು ಕೇಳಿಸಿತೋ. ಸ್ಟೇಷನ್ನು ಅಂದರೆ ಜನಕ್ಕೆ ಹಳಿ, ಗಡಿಯಾರ, ಮುಂದಿನ ಗುಮ್ಮಟ. ನಮಗೆ ಸ್ಟೇಷನ್ನು ಅಂದರೆ ನೀರು. ಹಳಿಗಳು ಚಿಕ್ಕವಿದ್ದ ಕಾಲದಲ್ಲಿ ಬೆಂಗಳೂರಿಂದ ಬಂದ ಉಗಿ ಇಂಜಿನ್ನು, ಅರಸೀಕೆರೆ ಕಡೆಯಿಂದ ಬಂದದ್ದು, ಚಾಮರಾಜನಗರಕ್ಕೆ ಹೊರಟದ್ದು, ಎಲ್ಲವೂ ಆ ತುದಿಗೆ ಹೋಗಿ ನಿಲ್ಲುತ್ತಿದ್ದವು. ಅಲ್ಲಿ ಆನೆಯ ಸೊಂಡಿಲಿನ ಹಾಗೆ ಬಗ್ಗಿದ ಕಬ್ಬಿಣದ ಕಂಬ ಇತ್ತು. ನಾವು ಅದನ್ನು ಸೊಂಡಿಲು ಅಂತಲೇ ಕರೆಯುತ್ತಿದ್ದೆವು. ಇಂಜಿನ್ನಿನ ಬೆನ್ನಿನ ಮೇಲಿನ ತೂತಿಗೆ ಸೊಂಡಿಲು ತಿರುಗಿಸಿಟ್ಟು ವಾಲ್ವು ಬಿಟ್ಟರೆ ಗುಡುಗಿದ ಹಾಗೆ ನೀರು ಬೀಳುವುದು. ಆಮೇಲೆ ಉಗಿ ಹೋಯಿತು, ಡೀಸೆಲ್ ಬಂತು, ದೊಡ್ಡ ಹಳಿ ಬಂತು, ಸೊಂಡಿಲು ಕಿತ್ತರು. ಕಂಬ ಕಿತ್ತರೂ ನೀರು ಬಂದ ದಾರಿ ನೆಲದ ಕೆಳಗೆ ಇರಲೇಬೇಕಲ್ಲ.

ಗುಂಡಿಯ ಹತ್ತಿರ ಬಿಡುವುದಕ್ಕೆ ಅವಳು ದೊಡ್ಡ ಇಂಜಿನಿಯರಿಗೆ ಫೋನ್ ಮಾಡಿ ಕೇಳಿದಳು. ಹಳೇ ಸ್ಟಾಫು, ಜಾಗ ತೋರಿಸುತ್ತಾರೆ ಅಂದಳು. ನಮ್ಮಜ್ಜಿ ಅಂತಲೂ ಹೇಳಿದಳು, ಮುಚ್ಚಿಡಲಿಲ್ಲ. ಒಪ್ಪಿಗೆ ಸಿಕ್ಕಿತು. ನನ್ನ ತಲೆಗೆ ಹಳದಿ ಟೋಪಿ, ಮೈಗೆ ಹೊಳೆಯುವ ಪಟ್ಟಿಯ ಜಾಕೀಟು. ಜಾಕೀಟು ಸೆರಗಿನ ಮೇಲೆ ಕೂರಲೊಲ್ಲದು.

ಮೇಸ್ತ್ರಿ ಎದ್ದು ಬಂದ. ನಲವತ್ತರ ಆಸುಪಾಸಿನವನು, ಒಳ್ಳೆ ಕೆಲಸಗಾರ, ನಾಲಿಗೆ ಮಾತ್ರ ಚೂಪು.

"ಏನ್ ಮೇಡಮ್, ಗಂಗೆ ಪೂಜೆಗೆ ಮುತ್ತೈದೇರನ್ನ ಕರ್ಕೊಂಡ್ ಬಂದ್ಬುಟ್ರಾ?"

"ಮುತ್ತೈದೆ ಅಲ್ಲಪ್ಪ, ವಿಧವೆ," ಅಂದೆ. "ನಿನ್ನ ಪಂಪು ನಿಲ್ಸು. ಆ ಜನರೇಟ್ರೂ ನಿಲ್ಸು."

ಅವನು ಮೊಮ್ಮಗಳ ಮುಖ ನೋಡಿದ. ಪಂಪು ನಿಲ್ಲಿಸಿದರೆ ಗುಂಡಿ ತುಂಬುತ್ತೆ, ಕಟ್ಟಿದ ಕಂಬಿಗಳ ಮೇಲೆ ಮಣ್ಣು ಕುಸಿದರೆ ಮೂರು ದಿನದ ಕೆಲಸ ಹಾಳು. ಅದು ಅವಳಿಗೂ ಗೊತ್ತು. ವಾಚು ನೋಡಿಕೊಂಡು, "ಇಪ್ಪತ್ತು ನಿಮಿಷ. ಮುಂದಿನ ಗಾಡಿ ಬರೋ ತನಕ," ಅಂದಳು.

ಪಂಪು ನಿಂತಿತು. ಸ್ಟೇಷನ್ನು ಒಮ್ಮೆಗೇ ದೊಡ್ಡದಾದ ಹಾಗಾಯಿತು. ಗುಂಡಿಯ ನಾಲ್ಕೂ ಬದಿಗೆ, ಅಂಚಿನಿಂದ ಮೂರು ಮೊಳ ಬಿಟ್ಟು, ಹಾರೆ ಹೊಡೆಸಿದೆ. ಟೋಪಿ ತೆಗೆದೆ. ಬಲಗಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿದೆ. ನನಗೆ ಕೆಲಸ ಕಲಿಸಿದ ಹಳೇ ಫಿಟ್ಟರು ಮೊದಲ ದಿನವೇ ಹೇಳಿದ್ದರು: ಕಬ್ಬಿಣಕ್ಕೆ ಕಿವಿ ಕೊಡುವಾಗ ಓಲೆ ಬಿಚ್ಚಮ್ಮ, ಓಲೆ ತಾಗಿದರೆ ಅದೂ ಮಾತಾಡುತ್ತೆ, ಯಾರ ಮಾತು ಯಾವುದು ಅಂತ ಗೊತ್ತಾಗಲ್ಲ. ಕಿವಿಯ ತೂತಿಗೆ ಹಾರೆ ಇಡಬಾರದು, ಕಿವಿಯ ಹಿಂದಿನ ಮೂಳೆಗೆ ಒತ್ತಬೇಕು. ಬಾಯಿ ಸ್ವಲ್ಪ ತೆರೆದಿರಬೇಕು. ಉಸಿರು ಹಿಡಿಯಬೇಕು.

ಹಳಿಯ ಕಡೆಯ ಹಾರೆಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಅನುಮಾನ. ಊರ ಕಡೆಗೆ, ಅಂದರೆ ಪ್ಲಾಟ್‌ಫಾರ್ಮಿನ ನಡುವಿನ ಕಡೆಗೆ ಇರುವ ನಾಲ್ಕನೇ ಹಾರೆಗೆ ಮೂಳೆ ಕೊಟ್ಟೆ. ಬಂತು. ಹಲ್ಲು ಕಚ್ಚಿ ಉಸಿರು ಬಿಟ್ಟ ಹಾಗೆ ಸ್ಸ್ ಅಂತ ಒಂದೇ ಎಳೆ. ಎಷ್ಟು ವರ್ಷ ಆಗಿತ್ತು ಆ ಸದ್ದು ಕೇಳಿ.

"ಒರತೆಗೆ ಬಾಯಿಲ್ಲ ಮೇಸ್ತ್ರಿ," ಅಂದೆ. "ಅದು ಬೆವರಿನಂಗೆ ಬರ್ತದೆ. ಇದು ಒತ್ತಡದ ನೀರು. ಟ್ಯಾಂಕಿಂದ ಬರ್ತಾ ಅದೆ."

"ಅಂಗಂತ ಹಾರೆ ಹೇಳ್ತಾ?"

"ನಿಂಗೂ ಹೇಳ್ತದೆ, ಬಾ. ಕಡುಕು ಬಿಚ್ಚಿಟ್ ಬಾ."

ಅವನ ಕಿವಿಯಲ್ಲೂ ಸಣ್ಣ ಕಡುಕು ಇತ್ತು. ಜೊತೆಯವರು ನಕ್ಕರು. ಅವನು ಬರಲಿಲ್ಲ. ಅಷ್ಟು ಹೊತ್ತಿಗೆ ಗುಂಡಿಯಲ್ಲಿ ನೀರು ಒಂದು ಗೇಣು ಏರಿತ್ತು. ಮೊಮ್ಮಗಳು ಪಂಪು ಹಾಕಿಸಿದಳು.

ಪೈಪು ಇದೆ ಅಂತ ನನಗೆ ಗೊತ್ತಾಯಿತು. ಆದರೆ ನನ್ನ ಕಿವಿಯನ್ನು ರಿಪೋರ್ಟಿಗೆ ಅಂಟಿಸುವುದಕ್ಕೆ ಆಗುವುದಿಲ್ಲವಲ್ಲ. ಅದಕ್ಕೆ ನೀರು ಬಿಡುವ ವಾಲ್ವು ಹುಡುಕಿ ಮುಚ್ಚಿ, ಗುಂಡಿ ಒಣಗಿಸಿ ತೋರಿಸಬೇಕು. ವಾಲ್ವು ಎಲ್ಲಿತ್ತು ಅನ್ನುವುದು ನನಗೆ ನೀರು ಕುಡಿದಷ್ಟು ಸಲೀಸು. ಸೊಂಡಿಲಿನ ಕಲ್ಲಿನಿಂದ ಊರ ಕಡೆಗೆ ನಲವತ್ತು ಸ್ಲೀಪರು, ಅಲ್ಲಿಂದ ನೇರವಾಗಿ ಪ್ಲಾಟ್‌ಫಾರ್ಮಿನ ಹಿಂದಿನ ಗೋಡೆಯ ಬುಡಕ್ಕೆ. ನಮಗೆ ಅಡಿ, ಮೀಟರು ಯಾವುದೂ ಇರಲಿಲ್ಲ. ಹಳಿಯ ಕೆಳಗಿನ ಮರದ ದಿಮ್ಮಿಗಳೇ ನಮ್ಮ ಅಳತೆ. ಯಾವ ವಾಲ್ವು ಕೇಳಿದರೂ ಇಷ್ಟು ಸ್ಲೀಪರು ಅನ್ನುತ್ತಿದ್ದೆವು.

ಸೊಂಡಿಲು ನಿಂತಿದ್ದ ದುಂಡು ಕಲ್ಲು ಗುಂಡಿಯ ಪಕ್ಕದಲ್ಲೇ ಇನ್ನೂ ಇದೆ. ಅದರ ಮೇಲೆ ಈಗ ಹೂಕುಂಡ ಇಟ್ಟಿದ್ದಾರೆ, ಜನ ಕಾಲು ಚಾಚಿಕೊಂಡು ಕೂರುತ್ತಾರೆ. ಮಂಗಳವಾರ ಬೆಳಗ್ಗೆ ಅಲ್ಲಿಂದ ಶುರು ಮಾಡಿದೆ. ಪ್ಲಾಟ್‌ಫಾರ್ಮಿನ ಅಂಚಿನ ಹಳದಿ ಗೆರೆ ದಾಟದೆ, ಕೆಳಗಿನ ಹಳಿ ನೋಡುತ್ತಾ, ಒಂದು, ಎರಡು ಅಂತ ಜೋರಾಗಿ ಎಣಿಸುತ್ತಾ ನಡೆದೆ. ಮೊಮ್ಮಗಳು ಹಿಂದೆ ಪುಸ್ತಕ ಹಿಡಿದು ಬಂದಳು. ನಲವತ್ತು ಅಂತ ನಿಂತು, ಗೋಡೆಯ ಬುಡ ತೋರಿಸಿ, "ಇಲ್ಲಿ ತೆಗೀರಿ" ಅಂದೆ.

ನೆಲಕ್ಕೆ ಹಾಸಿದ ಕಲ್ಲು ಎಬ್ಬಿಸಿ, ಪ್ರಯಾಣಿಕರು ಬೀಳದ ಹಾಗೆ ಸುತ್ತ ಪಟ್ಟಿ ಕಟ್ಟಿ, ಎದೆಯುದ್ದ ತೆಗೆದರು. ಮಣ್ಣು, ಇಟ್ಟಿಗೆ ಚೂರು, ಕಲ್ಲಿದ್ದಲಿನ ಬೂದಿ. ವಾಲ್ವಿಲ್ಲ. ಎಡಕ್ಕೆ ಒಂದು ಮೊಳ, ಬಲಕ್ಕೆ ಒಂದು ಮೊಳ ಅಗಲ ಮಾಡಿದರು. ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ ಮೇಸ್ತ್ರಿ ಗುದ್ದಲಿ ಗೋಡೆಗೊರಗಿಸಿ ಕೂತ.

"ಅಜ್ಜಮ್ಮ, ಈಗ ಎರಡು ಗುಂಡಿ ಆಯ್ತು. ಮುಂದಿನ ವಾರ ಮೂರನೇದು ತೋರ್ಸೀರಂತೆ."

ನನಗೆ ಅವಮಾನ ಆಯಿತು ಅಂತ ಬರೆದರೆ ಸುಳ್ಳು. ಅವಳಿಗೆ ಅವಮಾನ ಆಯಿತಲ್ಲ ಅಂತ ಹೊಟ್ಟೆ ಉರಿಯಿತು. ಜಾಗ ತಪ್ಪುವುದಕ್ಕೆ ಸಾಧ್ಯವೇ ಇಲ್ಲ. ಸಾವಿರ ಸಲ ನಡೆದಿದ್ದೇನೆ. ಕಲ್ಲಿನ ಮೇಲೆ ಕೂತು ಹಳಿಯನ್ನೇ ನೋಡಿದೆ. ನೋಡುತ್ತಾ ನೋಡುತ್ತಾ ನನ್ನ ಕಾಲಿಗೆ ಏನೋ ಸರಿಯಿಲ್ಲ ಅನ್ನಿಸಿತು.

"ಪುಟ್ಟ, ಮರದ ಸ್ಲೀಪರಿನ ಮೇಲೆ ನಡೆಯೋವಾಗ ನಾನು ಕಾಲು ಚಾಚಿ ಚಾಚಿ ಇಡ್ತಿದ್ದೆ ಕಣೇ. ಸೀರೆ ನೆರಿಗೆ ಎತ್ತಿ ಸಿಕ್ಕಿಸ್ಕೊಂಡ್ರೇನೇ ಎಟುಕೋದು. ಈಗಿನ ಸಿಮೆಂಟಿನವು ಒತ್ತೊತ್ತಾಗಿ ಕೂತಂಗಿವೆ."

ಅವಳು ಪುಸ್ತಕದಿಂದ ತಲೆ ಎತ್ತಿದಳು. ತನ್ನ ಹಣೆಯನ್ನು ತಾನೇ ಬಡಿದುಕೊಂಡಳು. "ಅಜ್ಜಿ, ನೀನು ಎಣಿಸಿದ್ದು ಸರಿ. ನಾನು ಎಣಿಸೋಕೆ ಬಿಟ್ಟಿದ್ದು ತಪ್ಪು. ಹಳಿ ಬದಲಾದಾಗ ಸ್ಲೀಪರೂ ಬದಲಾಗಿದೆ. ನಿನ್ನ ನಲವತ್ತು ಈಗಿನ ನಲವತ್ತಲ್ಲ."

ಹಳೇ ಸ್ಲೀಪರಿನ ದೂರ ಎಲ್ಲಿ ಸಿಗಬೇಕು? ಎಲ್ಲ ಕಿತ್ತು ಎಷ್ಟು ಕಾಲ ಆಯಿತು. ಪುಸ್ತಕದಲ್ಲಿ ಒಂದು ಲೆಕ್ಕ ಇರುತ್ತೆ, ನಮ್ಮ ಯಾರ್ಡಿನಲ್ಲಿ ಹಾಕಿದ್ದು ಇನ್ನೊಂದು ಇರುತ್ತೆ ಅಂದಳು. ಆಗ ನನಗೇ ಹೊಳೆಯಿತು. ಪಕ್ಕದಲ್ಲೇ ರೈಲು ಮ್ಯೂಸಿಯಂ ಇದೆಯಲ್ಲ, ಹಳೇ ಇಂಜಿನ್‌ಗಳು ಹಳೇ ಹಳಿಯ ಮೇಲೇ ನಿಂತಿವೆ.

ಬುಧವಾರ ಬಾಗಿಲು ತೆಗೆಯುವ ಹೊತ್ತಿಗೆ ಇಬ್ಬರೂ ಟಿಕೆಟ್ ತಗೊಂಡು ಒಳಗೆ ಹೋದೆವು. ನಾನು ನೀರು ಕುಡಿಸಿದ ಜಾತಿಯ ಇಂಜಿನ್ನು ಅಲ್ಲಿ ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿದೆ. ಮಕ್ಕಳು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಮೊಮ್ಮಗಳು ಮಂಡಿಯೂರಿ ಅದರ ಕೆಳಗಿನ ಮರದ ಸ್ಲೀಪರುಗಳಿಗೆ ಟೇಪು ಹಿಡಿದಳು. ಕಾವಲಿನವರು ಓಡಿ ಬಂದರು.

"ಏನಮ್ಮಾ ಮಾಡ್ತಿದ್ದೀರಾ ಅಲ್ಲಿ?"

"ಅಳತೆ ತಗೋತಿದೀವಿ ಕಣಪ್ಪ," ಅಂದೆ.

"ಯಾಕೆ, ಮನೇಗೆ ತಗೊಂಡೋಗಕ್ಕಾ?"

"ಮನೇಲಿ ಜಾಗ ಇಲ್ಲ. ಇಲ್ಲೇ ಇರ್ಲಿ ಬುಡು."

ಅವಳು ಗುರುತಿನ ಚೀಟಿ ತೋರಿಸಿದ ಮೇಲೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿದರು. ಮೂರು ಕಡೆ ಹತ್ತು ಹತ್ತು ಸ್ಲೀಪರು ಅಳೆದು ಸರಾಸರಿ ತೆಗೆದಳು. ಒಂದೊಂದಕ್ಕೆ ಐದು ಬೆರಳಷ್ಟು ವ್ಯತ್ಯಾಸ. ನಲವತ್ತಕ್ಕೆ ಹನ್ನೆರಡು ಹದಿಮೂರು ಅಡಿ ಆಚೆಗೆ ಹೋಯಿತು. ಐದು ಬೆರಳಿಗೆ ನಾವು ಒಂದು ದಿನ ಕಳೆದಿದ್ದೆವು.

ಹೊಸ ಜಾಗದಲ್ಲಿ ಕಲ್ಲು ಎಬ್ಬಿಸಿ ಎರಡು ಅಡಿ ತೆಗೆಯುತ್ತಿದ್ದ ಹಾಗೇ ಗುದ್ದಲಿ ಠಣ್ ಅಂದಿತು. ಕಪ್ಪು ಚಪ್ಪಡಿ, ಅದರ ಕೆಳಗೆ ಇಟ್ಟಿಗೆಯ ಚೌಕ, ಒಳಗೆ ಮೆದು ಕೆಸರು. ಬೋಗುಣಿಯಲ್ಲಿ ಕೆಸರು ಮೊಗೆದು ಹಾಕಿದರು. ವಾಲ್ವಿನ ಚೌಕ ತಲೆ ಮೇಲೆ ಬಂತು.

ಮೊಮ್ಮಗಳ ಮುಖ ನೋಡಬೇಕಿತ್ತು ನೀವು. ದೊಡ್ಡ ಇಂಜಿನಿಯರೂ ಬಂದರು. "ನಮ್ಮಜ್ಜಿ ಹೇಳಿದ ಜಾಗದಲ್ಲೇ ಸಿಕ್ತು ಸಾರ್," ಅಂತ ಅವಳು ಅಂದಾಗ ನಾನು ಎರಡು ಅಂಗುಲ ಎತ್ತರ ಆಗಿರಬೇಕು. ಮೇಸ್ತ್ರಿ ಸ್ಟೋರಿನಿಂದ ತಂದಿದ್ದ ಎರಡು ಕಡೆ ಹಿಡಿಯಿರುವ ಉದ್ದ ಕೀಲಿಯನ್ನು ವಾಲ್ವಿನ ತಲೆಗೆ ಕೂರಿಸಿದ. ಬಲ ಸಾಲದು ಅಂತ ಒಂದು ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿದ.

"ಯಾವ ಪುಣ್ಯಾತ್ಮ ಇದನ್ನ ತೆಗೆದಿಟ್ಟು ಹೋದ್ನೋ ಸಾರ್. ಬಲಕ್ಕೆ ನಾಲ್ಕು ಎಳೆತ ಎಳೆದ್ರೆ ಬಂದ್ ಆಗೋಗ್ತದೆ."

ನಾನು ಬಗ್ಗಿ ನೋಡಿದೆ. ಆ ಚೌಕ ತಲೆಯ ಒಂದು ಮೂಲೆಯಲ್ಲಿ ಅರದಲ್ಲಿ ಉಜ್ಜಿದ ಗೀರು. ಹಳೇ ಫಿಟ್ಟರು ಹಾಕಿದ್ದ ಗುರುತು ಅದು. ಎಡಕ್ಕೆ ಮುಚ್ಚುವ ವಾಲ್ವು. ಇಡೀ ಸ್ಟೇಷನ್ನಿನಲ್ಲಿ ಅಂಥವು ಎರಡೇ ಇದ್ದವು. ಗೀರು ಕಂಡದ್ದೇ ತಡ, ಅಲ್ಲಿಯ ತನಕ ಒಂದು ದಿನಕ್ಕೂ ನೆನಪಿಗೆ ಬಾರದೆ ಇದ್ದದ್ದು ಎಲ್ಲ ಒಟ್ಟಿಗೆ ಬಂತು.

ದೊಡ್ಡ ಹಳಿ ಹಾಕುತ್ತಿದ್ದ ಕಾಲ. ಸೊಂಡಿಲು ಕಿತ್ತ ದಿನ. ಪೈಪಿನ ಬಾಯಿ ತೆರೆದಿತ್ತು, ಅದಕ್ಕೆ ಮುಚ್ಚಬೇಕಾದ ಕಬ್ಬಿಣದ ತಟ್ಟೆ ಇನ್ನೂ ಬಂದಿರಲಿಲ್ಲ. ಫಿಟ್ಟರು ವಾಲ್ವು ಮುಚ್ಚು ಅಂದರು, ಮುಚ್ಚಿದೆ. ಒಂದು ಗಂಟೆಯೊಳಗೆ ಹೆಂಗಸರ ವೇಟಿಂಗ್ ರೂಮಿನಿಂದ ಗಲಾಟೆ. ಆ ಕೋಣೆಯ ತೊಟ್ಟಿಗೂ ಅದೇ ಪೈಪಿನಿಂದ ನೀರು ಹೋಗುತ್ತಿತ್ತು. ಎಳೆ ಕೂಸು ಎತ್ತಿಕೊಂಡಿದ್ದ ಒಬ್ಬಳು ಬಾಣಂತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ನಾನು ಹೋಗಿ ಜಾಲಿಮರದ ಗೂಟ ಕೆತ್ತಿಸಿ, ಅದಕ್ಕೆ ನನ್ನ ಹಳೇ ನೈಲಾನ್ ಸೀರೆಯ ಚೂರು ಸುತ್ತಿ, ಪೈಪಿನ ಬಾಯಿಗೆ ಬಡಿದು ಕೂರಿಸಿದೆ. ಆಮೇಲೆ ವಾಲ್ವನ್ನು ನಾಲ್ಕು ಸುತ್ತು ಬಿಟ್ಟೆ. ಫಿಟ್ಟರು ನೋಡಿ, ಸರಿ, ನಾಳೆ ತಟ್ಟೆ ಹಾಕೋಣ ಅಂದರು. ಮಾರನೇ ದಿನ ನಾವು ಬರುವ ಹೊತ್ತಿಗೆ ಆ ತುದಿಗೆಲ್ಲ ಮಣ್ಣು ತುಂಬಿ ಮಟ್ಟ ಮಾಡಿದ್ದರು. ಗೂಟ ಬಿಗಿಯಾಗಿದೆ ಬಿಡು ಅಂದುಕೊಂಡೆವು. ಆಮೇಲೆ ವೇಟಿಂಗ್ ರೂಮಿಗೆ ಹೊಸ ಪೈಪು ಬಂತು. ಇದನ್ನು ಯಾರೂ ಕೇಳಲಿಲ್ಲ, ನಾನೂ ನೆನೆಯಲಿಲ್ಲ. ಈಗ ಲಿಫ್ಟಿಗೆ ಅಗೆದಾಗ ಸುತ್ತಲಿನ ಮಣ್ಣು ಸಡಿಲವಾಗಿ ಗೂಟ ಅಲುಗಿದೆ.

ಮೇಸ್ತ್ರಿಯ ಎರಡೂ ಕೈ ಕೊಳವೆಯ ಮೇಲಿದ್ದವು. ಮೊಮ್ಮಗಳು ನನ್ನ ಕಡೆ ನೋಡಿ ನಗುತ್ತಿದ್ದಳು. ನಾನು ಸುಮ್ಮನಿದ್ದರೆ ಆ ಪುಣ್ಯಾತ್ಮ ಯಾರು ಅಂತ ಯಾವತ್ತೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ, ಅಜ್ಜಿಯ ತಪ್ಪನ್ನು ಅಜ್ಜಿಯ ಕೈಲೇ ಹುಡುಕಿಸಿದಳು ಅಂತ ಅವಳ ಹಿಂದೆ ಆಡಿಕೊಳ್ಳುತ್ತಾರೆ. ಆದರೆ ಅವನು ಬಲಕ್ಕೆ ಎಳೆದರೆ ವಾಲ್ವು ಪೂರಾ ತೆರೆದುಕೊಳ್ಳುತ್ತೆ, ಟ್ಯಾಂಕಿನ ಒತ್ತಡವೆಲ್ಲ ಆ ಗೂಟದ ಮೇಲೆ ಬೀಳುತ್ತೆ. ಗೂಟ ಹಾರಿದರೆ ನೀರು ನುಗ್ಗುವುದು ಗುಂಡಿಗೆ. ಗುಂಡಿಯಲ್ಲಿ ಇಬ್ಬರು ಕಂಬಿ ಕಟ್ಟುತ್ತಿದ್ದರು.

"ಕೈ ತೆಗಿ ಮೇಸ್ತ್ರಿ," ಅಂದೆ. "ಇದು ಎಡಕ್ಕೆ ಮುಚ್ಚೋ ವಾಲ್ವು. ನಾಲ್ಕೇ ಸುತ್ತು ತೆರೆದದೆ. ತೆಗೆದಿಟ್ಟ ಪುಣ್ಯಾತ್ಮಳು ನಾನೇ."

ನಾನು ಗೂಟದ ಕಥೆಯನ್ನು ಅಲ್ಲೇ ನಿಂತು ಎಲ್ಲ ಹೇಳಿದೆ, ನಾಳೆ ಅಂದು ಬಿಟ್ಟದ್ದನ್ನೂ ಸೇರಿಸಿ. ದೊಡ್ಡ ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ವರ್ಷ ಆದ್ಮೇಲೆ ನಾಲ್ಕೇ ಸುತ್ತು ಅಂತ ಹೇಗಮ್ಮ ಹೇಳ್ತೀರಿ?"

"ನಾಲ್ಕಕ್ಕೆ ವೇಟಿಂಗ್ ರೂಮಿನ ತೊಟ್ಟಿ ತುಂಬೋದು ಸ್ವಾಮಿ. ಐದಕ್ಕೆ ಚೆಲ್ಲೋದು."

ಮೊಮ್ಮಗಳ ನಗು ಹೋಗಿತ್ತು. ಸಿಟ್ಟಲ್ಲ, ಬೇಸರವೂ ಅಲ್ಲ. ಕೆಲಸದ ಮುಖ ಅದು, ನಾನು ಅದುವರೆಗೆ ನೋಡಿರಲಿಲ್ಲ. ಮೊದಲು ಗುಂಡಿಯ ಕಡೆ ತಿರುಗಿ, "ಇಬ್ಬರೂ ಮೇಲೆ ಬನ್ನಿ, ಈಗಲೇ," ಅಂದಳು. ಅವರು ಏಣಿ ಹತ್ತಿ ಬಂದ ಮೇಲೆ ನನ್ನ ಕಡೆ ತಿರುಗಿದಳು.

"ಎಡಕ್ಕಾ ಅಜ್ಜಿ?"

"ಎಡಕ್ಕೆ."

ಕೊಳವೆ ತೆಗೆಸಿದೆ. ಹಳೇ ವಾಲ್ವಿನ ಹತ್ತಿರ ಬಲ ಪ್ರಯೋಗ ಮಾಡಬಾರದು, ಒಳಗಿನ ಕಬ್ಬಿಣದ ಕಡ್ಡಿ ಮುರಿದರೆ ಮುಗಿಯಿತು. ಕೀಲಿ ಸಡಿಲವಾಗಿತ್ತು, ಗೋಣಿ ಪಟ್ಟಿ ತುರುಕಿ ಬಿಗಿ ಮಾಡಿದೆ. ಸೀಮೆಎಣ್ಣೆ ಈಗೆಲ್ಲಿ, ತುಕ್ಕು ಬಿಡಿಸುವ ಎಣ್ಣೆಯನ್ನು ಡಬ್ಬಿಯಿಂದ ಚುಯ್ ಅಂತ ಹೊಡೆದರು. ಕೀಲಿಯ ಒಂದು ಹಿಡಿಗೆ ಅವಳು, ಇನ್ನೊಂದಕ್ಕೆ ಮೇಸ್ತ್ರಿ. ಮೊದಲು ಕೂದಲೆಳೆಯಷ್ಟು ಬಲಕ್ಕೆ, ತುಕ್ಕಿನ ಬಾಯಿ ಬಿಡಿಸುವುದಕ್ಕೆ. ಆಮೇಲೆ ಕಾಲು ಸುತ್ತು ಎಡಕ್ಕೆ. ಮತ್ತೆ ಸ್ವಲ್ಪ ಹಿಂದಕ್ಕೆ, ಮತ್ತೆ ಕಾಲು ಸುತ್ತು ಮುಂದಕ್ಕೆ. ನಾನು ಎಣಿಸಿದೆ.

ಒಂದೂವರೆ ಸುತ್ತಿಗೆ ಕಚ್ಚಿಕೊಂಡಿತು. ಮೇಸ್ತ್ರಿಯ ಕಣ್ಣು ಕೊಳವೆಯ ಕಡೆ ಹೋಯಿತು.

"ಬೇಡ ಕಣಪ್ಪ. ಎಣ್ಣೆ ಬುಟ್ಟು ಸುಮ್ನೆ ಕೂತ್ಕೊ. ಅದಕ್ಕೂ ವಯಸ್ಸಾಗದೆ, ನನ್ನಂಗೆ."

ಅರ್ಧ ಗಂಟೆ ಕೂತೆವು. ಚಹಾ ಬಂತು. ಬೆಂಗಳೂರಿನ ಗಾಡಿ ಬಂತು, ಜನ ಇಳಿದು ನಮ್ಮನ್ನು ಇಣುಕಿ ನೋಡುತ್ತಾ ಮೆಟ್ಟಿಲು ಹತ್ತಿದರು. ನನ್ನ ವಯಸ್ಸಿನವರೊಬ್ಬರು ಚೀಲ ಹಿಡಿದು ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಹೋಗುತ್ತಿದ್ದರು. ಮೊಮ್ಮಗಳು ಅವರು ಕಾಣದಾಗುವ ತನಕ ನೋಡಿ, ಎದ್ದು ಕೀಲಿ ಹಿಡಿದಳು. ಈ ಸಲ ಮೆತ್ತಗೆ ಬಂತು. ಎರಡು, ಮೂರು, ಮೂರೂವರೆ. ನಾಲ್ಕಕ್ಕೆ ತಾನಾಗಿ ನಿಂತಿತು, ಬಾಗಿಲು ಚೌಕಟ್ಟಿಗೆ ಕೂತ ಹಾಗೆ.

ಗುರುವಾರ ಬೆಳಗ್ಗೆ ಹೋದಾಗ ಪಂಪು ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಗುಂಡಿಯ ತಳದಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಊರ ಕಡೆಯ ಗೋಡೆಯಲ್ಲಿ ಮೇಸ್ತ್ರಿ ಕರಣೆಯಿಂದ ಮಣ್ಣು ಕೆರೆದಾಗ ಪೈಪಿನ ಬಾಯಿ ಕಂಡಿತು. ಬಾಯಲ್ಲಿ ಗೂಟ. ಗೂಟದ ಸುತ್ತ ಹಸಿರು ನೈಲಾನ್, ಹಳದಿ ಹೂವು, ಬಣ್ಣ ಕೂಡ ಹೋಗಿರಲಿಲ್ಲ.

"ಅಜ್ಜಮ್ಮ," ಅಂದ ಮೇಸ್ತ್ರಿ ಕೆಳಗಿನಿಂದ, "ಸೀರೆ ಗಟ್ಟಿಯಾಗದೆ. ಯಾವ ಅಂಗಡೀದು ಹೇಳಿ, ನಮ್ಮನೆಯವಳಿಗೂ ಒಂದ್ ತತ್ತೀನಿ."

ದೊಡ್ಡ ಇಂಜಿನಿಯರು ಗುಂಡಿಯೊಳಕ್ಕೆ ಬಹಳ ಹೊತ್ತು ನೋಡಿದರು. ಆಮೇಲೆ ಮೊಮ್ಮಗಳನ್ನು ಕೇಳಿದರು. "ರಿಪೋರ್ಟಲ್ಲಿ ಕಾರಣ ಏನು ಬರೀತೀಯಮ್ಮ?"

ಅವಳು ಯೋಚನೆಯನ್ನೇ ಮಾಡಲಿಲ್ಲ.

"ನಡೆದದ್ದೇ ಬರೀತೀನಿ ಸಾರ್. ಗೇಜು ಬದಲಾದಾಗ ತಾತ್ಕಾಲಿಕವಾಗಿ ಮರದ ಗೂಟ ಹಾಕಲಾಗಿತ್ತು. ಹಾಕಿದವರೇ ಬಂದು ತೋರಿಸಿ, ಮುಚ್ಚಿಸಿಕೊಟ್ಟರು."

ಅವರು ತಲೆಯಾಡಿಸಿದರು. "ನಕ್ಷೇಲೂ ಆ ಪೈಪು ಸೇರಿಸು," ಅಂತ ಹೇಳಿ ಹೋದರು. ಹೋಗುವಾಗ ನನಗೆ ಕೈ ಮುಗಿದರು.

ಗೂಟ ತೆಗೆದು ಪೈಪಿನ ಬಾಯಿಗೆ ಕಬ್ಬಿಣದ ತಟ್ಟೆ ಕೂರಿಸಿ ಬೋಲ್ಟು ಬಿಗಿದರು. ಫಿಟ್ಟರು ನಾಳೆ ಅಂದಿದ್ದ ತಟ್ಟೆ. ಅವರು ಇದ್ದಿದ್ದರೆ ಏನನ್ನುತ್ತಿದ್ದರೋ, ಬೋಲ್ಟು ಸಾಲದು ಅಂತಿದ್ದರು. ತಟ್ಟೆ ತಡೆಯುತ್ತೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಎಲ್ಲರನ್ನೂ ಗುಂಡಿಯಿಂದ ಮೇಲೆ ಕಳಿಸಿ ವಾಲ್ವನ್ನು ಮತ್ತೆ ನಾಲ್ಕು ಸುತ್ತು ಬಿಟ್ಟರು. ಊರ ಕಡೆಯ ಹಾರೆ ಇನ್ನೂ ಅಲ್ಲೇ ಇತ್ತು. ನಾನು ಓಲೆಗೆ ಕೈ ಹಾಕಿದೆ.

"ನೀನಿರು ಅಜ್ಜಿ," ಅಂದಳು.

ಟೋಪಿ ತೆಗೆದು ನನ್ನ ಕೈಗೆ ಕೊಟ್ಟಳು. ಬಲಗಿವಿಯ ಓಲೆ ಬಿಚ್ಚಿ ಅದನ್ನೂ ಕೊಟ್ಟಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಹಾರೆಯ ಮುಂದೆ ಮಂಡಿಯೂರಿ ಕಿವಿಯ ತೂತಿಗೇ ಇಡುವುದಕ್ಕೆ ಹೋದಳು, ನಾನು ತಲೆ ಹಿಡಿದು ತಿರುಗಿಸಿ ಮೂಳೆಗೆ ಒತ್ತಿದೆ. ಬಾಯಿ ತೆಗಿ ಅಂದೆ, ತೆಗೆದಳು. ಮೇಸ್ತ್ರಿ ಕೂಡ ಉಸಿರು ಹಿಡಿದು ನಿಂತಿದ್ದ.

ಬಹಳ ಹೊತ್ತು ಕೇಳಿದಳು.

"ಅಜ್ಜಿ, ನನಗೆ ಏನೂ ಕೇಳಿಸ್ತಾ ಇಲ್ಲ. ನನ್ನ ಕಿವಿಗೆ ಇನ್ನೂ ಅಭ್ಯಾಸ ಇಲ್ವೇನೋ."

ನಾನು ಪಕ್ಕದಲ್ಲಿ ಕೂತು ಅದೇ ಹಾರೆಗೆ ಕಿವಿ ಕೊಟ್ಟೆ. ಏನೂ ಇರಲಿಲ್ಲ. ಕಬ್ಬಿಣ, ಮಣ್ಣು, ಅಷ್ಟೇ.

"ನಿನ್ನ ಕಿವಿ ಸರಿಯಾಗೇ ಅದೆ ಕಣೇ," ಅಂದೆ.

ವಾಲ್ವು ಎಡಕ್ಕೆ ನಾಲ್ಕು ಸುತ್ತು ಮುಚ್ಚಿಸಿ, ಕೀಲಿ ಸ್ಟೋರಿಗೆ ಕಳಿಸಿದಳು. ಮಧ್ಯಾಹ್ನ ಗುಂಡಿಗೆ ಕಾಂಕ್ರೀಟು ಬೀಳುವುದಕ್ಕೆ ಶುರುವಾಯಿತು. ನಾನು ಬಸ್ಸು ಹತ್ತಿ ಮನೆಗೆ ಬಂದೆ, ಹಾಲಿನ ಬೂತಿನಲ್ಲಿ ಇಳಿದು ಎಲ್ಲ ಹೇಳಿಯೇ ಬಂದೆ. ಸೆರಗು ಕೊಡವುವಾಗ ಗಂಟು ಕೈಗೆ ಸಿಕ್ಕಿತು. ಅವಳ ಓಲೆ ನನ್ನ ಹತ್ತಿರವೇ ಉಳಿದಿತ್ತು. ಫೋನ್ ಮಾಡಿದರೆ, ಆಗಷ್ಟೇ ದೊಡ್ಡ ಇಂಜಿನಿಯರ ಕೋಣೆಯಿಂದ ಹೊರಗೆ ಬಂದಿದ್ದಳು. ನಕ್ಷೆ ಹರಡಿಕೊಂಡು, ಎಲ್ಲರ ಮುಂದೆ, ಒಂದೇ ಕಿವಿಗೆ ಓಲೆ ಹಾಕಿಕೊಂಡು, ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ತೋರಿಸಿ ಬಂದಿದ್ದಳು.